ಜಿರ್ಕಾನ್

ಜಿರ್ಕಾನ್ ಎಂಬುದು ಜಿರ್ಕೋನಿಯಂ ಸಿಲಿಕೇಟ್ ಸಂಯೋಜನೆಯ ಖನಿಜ. ಭೂಮಿಯ ಆದಿಕಾಲದ ಸ್ಥಿತಿಯನ್ನು ತಿಳಿಸುವ ಮುಖ್ಯ ಸಾಕ್ಷ್ಯ. ಕಾಠಿಣ್ಯ 7.5, ಸಾಪೇಕ್ಷ ಸಾಂದ್ರತೆ ಸುಮಾರು 4.6. ಹರಳುಗಳು ಚತುಷ್ಕೋನೀಯ ವ್ಯೂಹದವು. ಬಣ್ಣ ಕಂದು, ಕೆಂಪು, ಹಳದಿ, ಕೆಲವೊಮ್ಮೆ ವರ್ಣರಹಿತ. ಗ್ರಾನೈಟ್‌ನಂಥ ಶಿಲೆಗಳಲ್ಲಿ ಸಣ್ಣ ಕಣಗಳಾಗಿ ರೂಪುಗೊಳ್ಳುತ್ತದೆ. ಸವೆತ, ರಾಸಾಯನಿಕ ಶಿಥಿಲೀಕರಣಗಳಿಗೆ ಸುಲಭವಾಗಿ ಮಣಿಯದ ಕಾರಣ ಮೂಲಶಿಲೆ ಅಳಿದ ಮೇಲೂ ಮರಳಿನಲ್ಲಿ, ಮರಳುಗಲ್ಲಿನಲ್ಲಿ ಉಳಿಯುತ್ತದೆ. 1789ರಲ್ಲಿ ರಸಾಯನವಿಜ್ಞಾನಿ ಕ್ಲಾಪ್ರೋತ್ ಜಿರ್ಕೋನಿಯಂ ಧಾತುವನ್ನು ಗುರುತಿಸಿದ್ದು ಈ ಖನಿಜದಲ್ಲೇ.

ಹರಳು ಬೆಳೆಯುವಾಗ ಯುರೇನಿಯಂ ಅದರ ಜಾಲಕದೊಳಗೆ ಸೇರುತ್ತದೆ, ಸೀಸ ಬಹುಮಟ್ಟಿಗೆ ಹೊರಗುಳಿಯುತ್ತದೆ. ಹೀಗಾಗಿ ಒಳಗೆ ಸಿಗುವ ಸೀಸ ಹೆಚ್ಚಾಗಿ ಯುರೇನಿಯಂನ ವಿಕಿರಣ ಕ್ಷಯದ ಫಲ. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದು ಸುಮಾರು 70 ಕೋಟಿ. ಎರಡು ಕ್ಷಯಸರಣಿಗಳು ಒಂದನ್ನೊಂದು ತಾಳೆನೋಡುವುದರಿಂದ ಕಾಲನಿರ್ಣಯಕ್ಕೆ ಇಷ್ಟು ನಂಬಲರ್ಹ ಖನಿಜಗಳು ವಿರಳ. ಆದರೆ ವಿಕಿರಣದಿಂದ ಜಾಲಕ ಹಾಳಾದ ಹರಳುಗಳಿಂದ ಸೀಸ ಸೋರಿಹೋಗಬಹುದು.

ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್‌ನ ಒಂದು ಕಣದ ವಯಸ್ಸು ಸುಮಾರು 440 ಕೋಟಿ ವರ್ಷವೆಂದು 2001ರಲ್ಲಿ ವರದಿಯಾಯಿತು. ಅಲ್ಲಿನ ಪ್ರಾಚೀನ ಕಣಗಳಲ್ಲಿ ಆಕ್ಸಿಜನ್-18ರ ಪ್ರಮಾಣ ಮ್ಯಾಂಟಲ್ (ಭೂಚಿಪ್ಪಿನ ಕೆಳಗಿನ ಪದರ) ಮೂಲದ ಕಣಗಳಿಗಿಂತ ಹೆಚ್ಚು. ತಂಪಾದ ದ್ರವಜಲದೊಂದಿಗೆ ವರ್ತಿಸಿದ ಶಿಲೆ ಮತ್ತೆ ಕರಗಿ ಶಿಲಾಪಾಕವಾದುದರ ಕುರುಹು ಇದೆಂಬುದು ಪ್ರಚಲಿತ ವಿವರಣೆ. ಜಲಗೋಳ ಮತ್ತು ಶಿಲಾಗೋಳಗಳ ಒಡನಾಟ, ಜೀವಕ್ಕೆ ಬೇಕಾದ ನೀರು ಎರಡೂ ಅಷ್ಟು ಹಿಂದೆಯೇ ಇದ್ದವೆಂದು ಇದರಿಂದ ಊಹಿಸಲಾಗಿದೆ. ಜೀವವಿತ್ತು ಎಂಬುದಕ್ಕೆ ಮಾತ್ರ ಇದು ಪುರಾವೆಯಲ್ಲ.

ಭಾರತದಲ್ಲಿ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದ ಕಡಲತೀರದ ಮರಳಿನಲ್ಲಿ ದೊರೆಯುತ್ತದೆ. ಪಿಂಗಾಣಿ, ಅಗ್ನಿನಿರೋಧಕ ಇಟ್ಟಿಗೆ, ಎರಕದ ಅಚ್ಚುಗಳಿಗೆ ಬಳಕೆಯಾಗುತ್ತದೆ. ಇದರಿಂದ ತೆಗೆದ ಜಿರ್ಕೋನಿಯಂನ ಮಿಶ್ರಲೋಹಗಳಿಂದ ಪರಮಾಣು ಇಂಧನದ ಕವಚಗಳನ್ನು ತಯಾರಿಸುತ್ತಾರೆ.