ಚಿಗುರಿನ ಬೆಳಕನ್ನು ಹಿಡಿದ ಬಗೆ

ಫಾಲ್ಗುಣ ಕಳೆಯುವ ಹೊತ್ತಿಗೆ ಬಯಲುಸೀಮೆಯ ಮುತ್ತುಗದ ಮರಗಳು ಎಲೆಯೆಲ್ಲ ಉದುರಿಸಿ ಮೈತುಂಬ ಕೆಂಪು ಹೊತ್ತು ನಿಂತಿರುತ್ತವೆ. ಹೊಂಗೆ ಚಿಗುರಿರುತ್ತದೆ. ಹದವಾದ ಮಳೆಯೊಂದು ಬಿದ್ದರೆ ಸಾಕು, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳು ಸುಮಾರು ಹತ್ತು ದಿನಗಳಲ್ಲಿ ಬೆಳ್ಳಗಾಗುತ್ತವೆ. ಕ್ಯಾಮೆರಾ ಇರುವವರೆಲ್ಲ ಹೊರಗೆ ಹೊರಡುವ ಕಾಲವಿದು. ಆದರೆ ಈ ಕಾಲದ ಬೆಳಕು ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ನಡುಹಗಲಿನ ಸೂರ್ಯ ನೆತ್ತಿಯ ಹತ್ತಿರ ಬಂದಿರುತ್ತಾನೆ. ದೂಳು ತುಂಬಿದ ಬಾನು ನೀಲಿ ಕಳೆದುಕೊಂಡು ಬಿಳಿಚಿಕೊಂಡಿರುತ್ತದೆ. ತೆಳುವಾದ ಚಿಗುರೆಲೆ ಬಿಸಿಲನ್ನು ತನ್ನೊಳಗಿಂದ ಹಾಯಿಸಿ ಹೊಳೆಯುತ್ತಿದ್ದರೆ ಅದೇ ಮರದ ಬುಡದಲ್ಲಿ ಗಾಢ ನೆರಳು.

ಛಾಯಾಗ್ರಾಹಕರು ಬೆಳಕನ್ನು ‘ಸ್ಟಾಪ್’ಗಳಲ್ಲಿ ಅಳೆಯುತ್ತಾರೆ. ಒಂದು ಸ್ಟಾಪ್ ಏರಿದರೆ ಬೆಳಕು ಎರಡರಷ್ಟು. ಇಂಥ ನೋಟದಲ್ಲಿ ಬೆಳಗಿದ ಮೋಡಕ್ಕೂ ಬುಡದ ನೆರಳಿಗೂ 12 ಸ್ಟಾಪ್ ಅಂತರವಿರುವುದು ಅಪರೂಪವಲ್ಲ. ಅಂದರೆ 4096 ಪಟ್ಟು. ಮುದ್ರಿತ ಕಾಗದ ತೋರಿಸಬಲ್ಲದ್ದು ಹೆಚ್ಚೆಂದರೆ ನೂರು ಪಟ್ಟಿನ ಆಸುಪಾಸು. ನಮ್ಮ ಕಣ್ಣು ಮೋಡದಿಂದ ನೆರಳಿಗೆ ಹೊರಳುವಾಗ ತಾನೇ ಹೊಂದಿಕೊಳ್ಳುವುದರಿಂದ ನಮಗೆ ಎರಡೂ ಕಾಣುತ್ತವೆ. ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ. ಆ ನಾಲ್ಕು ಸಾವಿರವನ್ನು ಈ ನೂರರೊಳಗೆ ಅಳವಡಿಸಲು ನಡೆದ ಪ್ರಯತ್ನಗಳೇ ನಿಸರ್ಗ ಛಾಯಾಗ್ರಹಣದ ತಾಂತ್ರಿಕ ಇತಿಹಾಸದ ದೊಡ್ಡ ಪಾಲು.

ಬಾನು ಬಿಳಿಯಾಗಿದ್ದ ಕಾಲ

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಪ್ಲೇಟು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಆ ಪ್ಲೇಟಿಗೆ ಕಾಣುತ್ತಿದ್ದದ್ದು ನೀಲಿ ಮತ್ತು ನೇರಳಾತೀತ ಕಿರಣಗಳು ಮಾತ್ರ. ಹಸಿರು, ಕೆಂಪು ಅದರ ಪಾಲಿಗೆ ಕತ್ತಲೆ. ಹೀಗಾಗಿ ಮರಗಿಡಗಳು ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಬಾನು ಪೂರ್ತಿ ಬೆಳ್ಳಗಾಗಿ ಬಿಡುತ್ತಿತ್ತು. ವಸಂತದ ಎಳೆಹಸಿರಿಗೂ ಮುಪ್ಪಾದ ಎಲೆಯ ಹಸಿರಿಗೂ ಚಿತ್ರದಲ್ಲಿ ಹೆಚ್ಚು ವ್ಯತ್ಯಾಸ ಉಳಿಯುತ್ತಿರಲಿಲ್ಲ. ಗಾಳಿಗೆ ಕೊಂಬೆ ಅಲುಗಿದರೆ, ಸೆಕೆಂಡುಗಟ್ಟಲೆ ತೆರೆದಿರುತ್ತಿದ್ದ ಲೆನ್ಸಿನ ಮುಂದೆ ಎಲೆಗಳು ಕಲಸಿಹೋಗುತ್ತಿದ್ದವು.

ಫ್ರಾನ್ಸಿನ ಗುಸ್ತಾವ್ ಲ ಗ್ರೇ ಇದಕ್ಕೊಂದು ದಾರಿ ಹುಡುಕಿದ. 1857ರಲ್ಲಿ ಸೆಟ್ ಬಂದರಿನಲ್ಲಿ ತೆಗೆದ ಅವನ ಪ್ರಸಿದ್ಧ ಅಲೆಯ ಚಿತ್ರದಲ್ಲಿ ಕಡಲು ಒಂದು ನೆಗೆಟಿವ್‌ನದು, ಬಾನು ಇನ್ನೊಂದರದು. ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದದ ಮೇಲೆ ಮುದ್ರಿಸಿದ್ದ. ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಬೇರೆ ಉಪಾಯ ಹೂಡಿದ: ಬಾನಿನ ಭಾಗಕ್ಕೆ ಬೆಳಕು ಕಡಿಮೆ ಬೀಳುವಂತೆ ತಡೆಯುವ ಸಾಧನವೊಂದನ್ನು ಮಾಡಿ 1869ರಲ್ಲಿ ಅದರ ವಿವರ ಪ್ರಕಟಿಸಿದ. ಎರಡು ಚಿತ್ರಗಳನ್ನು ಕೂಡಿಸುವುದು, ಬಾನನ್ನು ಲೆನ್ಸಿನ ಬಳಿಯೇ ತಡೆಯುವುದು ಎಂಬ ಈ ಎರಡು ದಾರಿಗಳೇ ಮುಂದಿನ ನೂರೈವತ್ತು ವರ್ಷ ಬೇರೆಬೇರೆ ರೂಪದಲ್ಲಿ ಮರಳಿ ಬಂದವು.

ಹಸಿರು ಕಂಡ ಪ್ಲೇಟು, ಅಳತೆಗೆ ಸಿಕ್ಕ ನೆರಳು

1873ರಲ್ಲಿ ಜರ್ಮನಿಯ ಹೆರ್ಮನ್ ವಿಲ್ಹೆಲ್ಮ್ ಫೋಗೆಲ್, ಪ್ಲೇಟಿಗೆ ಕೆಲವು ಬಣ್ಣದ ರಾಸಾಯನಿಕಗಳನ್ನು ಬೆರೆಸಿದರೆ ಅದು ಹಸಿರನ್ನೂ ಗ್ರಹಿಸುತ್ತದೆ ಎಂದು ಕಂಡುಕೊಂಡ. 1906ರ ಹೊತ್ತಿಗೆ ಕೆಂಪನ್ನೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದವು. ಇಲ್ಲಿಂದ ಮುಂದೆ ಬಣ್ಣದ ಫಿಲ್ಟರಿಗೆ ಅರ್ಥ ಬಂತು. ಹಳದಿ ಫಿಲ್ಟರ್ ಹಾಕಿದರೆ ನೀಲಿ ಬಾನು ಸ್ವಲ್ಪ ಕಪ್ಪಾಗುತ್ತದೆ, ಕೆಂಪು ಹಾಕಿದರೆ ಬಹಳ ಕಪ್ಪಾಗುತ್ತದೆ.

ಇದರ ದೊಡ್ಡ ಉದಾಹರಣೆಯೂ ವಸಂತದ್ದೇ. 1927ರ ಏಪ್ರಿಲ್ 10ರಂದು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯೆದುರು ಹಳದಿ ಫಿಲ್ಟರ್ ಹಾಕಿ ಒಂದು ಪ್ಲೇಟು ತೆಗೆದರು. ತಾವು ಮನಸ್ಸಿನಲ್ಲಿ ಕಂಡ ಬಂಡೆಯ ಗಾಂಭೀರ್ಯ ಅದರಲ್ಲಿ ಬಂದಿರಲಾರದು ಎನಿಸಿತು. ಉಳಿದಿದ್ದ ಕೊನೆಯ ಪ್ಲೇಟನ್ನು ಗಾಢ ಕೆಂಪು ಫಿಲ್ಟರ್ ಹಾಕಿ ತೆಗೆದರು. ಬಾನು ಬಹುತೇಕ ಕಪ್ಪಾಯಿತು, ಹಿಮ ಹೊಳೆಯಿತು, ಬಂಡೆಯ ಮುಖ ಎದ್ದು ನಿಂತಿತು. ಮುದ್ರಿತ ಚಿತ್ರ ಹೇಗಿರಬೇಕೆಂದು ಶಟರ್ ಒತ್ತುವ ಮೊದಲೇ ಮನಸ್ಸಿನಲ್ಲಿ ಕಾಣುವ ಅಭ್ಯಾಸ ತಮಗೆ ಅಲ್ಲಿಂದ ಆರಂಭವಾಯಿತೆಂದು ಅವರು ಮುಂದೆ ಬರೆದರು.

ಆ ಕಾಣ್ಕೆಗೆ ಲೆಕ್ಕದ ಬುನಾದಿ ಒದಗಿಸಿದ್ದು ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು. ಬೆಳಕು ಎಷ್ಟು ಬಿದ್ದರೆ ನೆಗೆಟಿವ್ ಎಷ್ಟು ಕಪ್ಪಾಗುತ್ತದೆ ಎಂಬುದನ್ನು ಅವರು 1890ರಲ್ಲಿಯೇ ವಕ್ರರೇಖೆಯಾಗಿ ತೋರಿಸಿದ್ದರು. 1930ರ ದಶಕದಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಲೈಟ್ ಮೀಟರ್ ಬಂತು. ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪಾಠ ಹೇಳುತ್ತ ಇವನ್ನೆಲ್ಲ ಒಂದು ಪದ್ಧತಿಯಾಗಿ ಕಟ್ಟಿದರು. ಅದೇ ‘ಝೋನ್ ಸಿಸ್ಟಂ’. ಕಡುಗಪ್ಪಿನಿಂದ ಶುದ್ಧ ಬಿಳಿಯವರೆಗೆ 0ಯಿಂದ 10ರ ತನಕ ಹನ್ನೊಂದು ವಲಯಗಳು, ಒಂದಕ್ಕೂ ಮುಂದಿನದಕ್ಕೂ ಒಂದು ಸ್ಟಾಪ್ ಅಂತರ. ವಿವರ ಉಳಿಯಬೇಕಾದ ನೆರಳನ್ನು ಅಳೆದು ಎಕ್ಸ್‌ಪೋಷರ್ ನಿಗದಿ ಮಾಡುವುದು. ಬಿಸಿಲು ಮಿತಿ ಮೀರಿದ್ದರೆ ಫಿಲ್ಮನ್ನು ಕಡಿಮೆ ಹೊತ್ತು ಸಂಸ್ಕರಿಸಿ ಬಿಳಿಯನ್ನು ಹತೋಟಿಗೆ ತರುವುದು. ತೆಗೆಯುವುದು ಮತ್ತು ಸಂಸ್ಕರಿಸುವುದು ಒಂದೇ ನಿರ್ಧಾರದ ಎರಡು ಭಾಗಗಳೆಂದು ಈ ಪದ್ಧತಿ ತೋರಿಸಿಕೊಟ್ಟಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಮುಖ್ಯವಾದ ತಿಳಿವಳಿಕೆ ಇದು.

ಬಣ್ಣದ ಫಿಲ್ಮಿನ ಶಿಸ್ತು

1935ರಲ್ಲಿ ಬಂದ ಕೊಡಾಕ್ರೋಮ್‌ನಂಥ ಬಣ್ಣದ ಸ್ಲೈಡ್ ಫಿಲ್ಮು ಈ ಸ್ವಾತಂತ್ರ್ಯವನ್ನು ಬಹಳಮಟ್ಟಿಗೆ ಕಿತ್ತುಕೊಂಡಿತು. ಅದು ತಾಳಬಲ್ಲದ್ದು ಐದಾರು ಸ್ಟಾಪ್ ಮಾತ್ರ. ಅರ್ಧ ಸ್ಟಾಪ್ ತಪ್ಪಿದರೂ ಕಾಣುತ್ತಿತ್ತು. ಆಗ ಛಾಯಾಗ್ರಾಹಕರು ಬೆಳಕನ್ನೇ ಆರಿಸಿಕೊಳ್ಳಲು ಕಲಿತರು. ವೈದ್ಯಕೀಯ ಓದಿ, ಹಾರ್ವರ್ಡ್‌ನಲ್ಲಿ ಪಾಠ ಹೇಳಿ, ಆಮೇಲೆ ಛಾಯಾಗ್ರಹಣಕ್ಕೆ ಬಂದ ಎಲಿಯಟ್ ಪೋರ್ಟರ್ ಮೋಡ ಕವಿದ ಬೆಳಕಿನಲ್ಲಿ, ನೆರಳಿನಲ್ಲಿ ಕಾಡಿನ ಒಳಭಾಗವನ್ನು ತೆಗೆದರು. 1968ರ ಏಪ್ರಿಲ್‌ನಲ್ಲಿ ಕೆಂಟಕಿಯ ರೆಡ್ ರಿವರ್ ಕಣಿವೆಯ ಬಳಿ ಅವರು ತೆಗೆದ ರೆಡ್‌ಬಡ್ ಮರಗಳ ಚಿತ್ರದಲ್ಲಿ ತೆಳು ಕಾಂಡಗಳ ನಡುವೆ ನಸುಗೆಂಪು ಹೂಗಳೂ ಎಳೆಹಸಿರೂ ಒಂದರೊಳಗೊಂದು ಹೆಣೆದುಕೊಂಡಿವೆ. ಬಿಸಿಲು ನೇರವಾಗಿ ಬಿದ್ದಿದ್ದರೆ ಆ ಎರಡು ಎಳೆಯ ಬಣ್ಣಗಳಲ್ಲಿ ಒಂದಾದರೂ ಮಾಸಿಹೋಗುತ್ತಿತ್ತು. ಅವರು ಪ್ರಿಂಟ್ ಮಾಡುತ್ತಿದ್ದ ಡೈ ಟ್ರಾನ್ಸ್‌ಫರ್ ವಿಧಾನದಲ್ಲಿ ಸ್ಲೈಡಿನ ಜೊತೆ ತೆಳುವಾದ ಕಪ್ಪುಬಿಳುಪು ಮುಸುಕನ್ನು ಹೊಂದಿಸಿ ಅತಿಯಾದ ವೈದೃಶ್ಯವನ್ನು ತಗ್ಗಿಸುವ ಪದ್ಧತಿಯಿತ್ತು. ಇಂದಿನ ಸಾಫ್ಟ್‌ವೇರಿನಲ್ಲಿ ‘ಮಾಸ್ಕ್’ ಎನ್ನುವುದು ಅದರ ವಂಶದ್ದೇ.

ಗೇಲನ್ ರೋವೆಲ್ ಇದಕ್ಕೆ ತೀರ ಭಿನ್ನ. ಬೆಳಗು, ಬೈಗಿನ ತೀಕ್ಷ್ಣ ಬೆಳಕಿನ ಬೆನ್ನುಹತ್ತಿ ಹೋದ ಅವರು, ಮೇಲರ್ಧ ಮಸುಕಾಗಿ ಕೆಳಗೆ ತಿಳಿಯಾಗುವ ಗ್ರಾಜುಯೇಟೆಡ್ ಫಿಲ್ಟರನ್ನು ಪ್ರಚಾರಕ್ಕೆ ತಂದರು. ಮೈಬ್ರಿಜ್‌ನ ಉಪಾಯ ಫಿಲ್ಟರಿನ ರೂಪದಲ್ಲಿ ಮರಳಿ ಬಂದಿತ್ತು. 1990ರಲ್ಲಿ ಬಂದ ವೆಲ್ವಿಯಾ ಫಿಲ್ಮಿನ ಗಾಢ ಹಸಿರು ಆ ಕಾಲದ ನಿಸರ್ಗಚಿತ್ರಗಳ ಗುರುತೇ ಆಯಿತು.

ನಮ್ಮಲ್ಲಿ ಈ ಪರಂಪರೆ ಹೆಚ್ಚಾಗಿ ವನ್ಯಜೀವಿ ಛಾಯಾಗ್ರಹಣದ ಜೊತೆಗೇ ಬೆಳೆಯಿತು. ಸಂಡೂರಿನ ಎಂ.ವೈ. ಘೋರ್ಪಡೆಯವರ 1983ರ ಇಂಗ್ಲಿಷ್ ಪುಸ್ತಕದ ಹೆಸರಿನಲ್ಲೇ ಬಿಸಿಲು ಮತ್ತು ನೆರಳು ಇವೆ. ಒ.ಸಿ. ಎಡ್ವರ್ಡ್ಸ್ ಅವರಲ್ಲಿ ಕಲಿತ ಟಿ.ಎನ್.ಎ. ಪೆರುಮಾಳ್, ತಾವೂ ಮುಂದಿನವರಿಗೆ ಗುರುವಾದರು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಹೊಸಬರಿಗೆ ಪಾಠಶಾಲೆಗಳಾದವು.

ಲೆಕ್ಕವಾದ ಬೆಳಕು

ಡಿಜಿಟಲ್ ಯುಗದ ಆರಂಭದಲ್ಲಿ ಸೆನ್ಸರುಗಳು ಸ್ಲೈಡ್ ಫಿಲ್ಮಿನಷ್ಟೇ ಬಿಗಿ. ಪರಿಹಾರ ಬಂದದ್ದು ಗಣಿತದಿಂದ. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಕಾನ್ಪುರ ಐಐಟಿಯಲ್ಲಿ ಓದಿದ ಜಿತೇಂದ್ರ ಮಲಿಕ್, ಒಂದೇ ನೋಟವನ್ನು ಬೇರೆಬೇರೆ ಎಕ್ಸ್‌ಪೋಷರ್‌ಗಳಲ್ಲಿ ತೆಗೆದು ನಿಜವಾದ ಬೆಳಕಿನ ಅನುಪಾತವನ್ನು ಲೆಕ್ಕಹಾಕುವ ವಿಧಾನವನ್ನು ಪ್ರಕಟಿಸಿದರು. ಹಾಗೆ ಸಿಕ್ಕ ವಿಸ್ತಾರವನ್ನು ಪರದೆಯೊಳಗೆ ಇಳಿಸುವುದು ಮುಂದಿನ ತೊಡಕು. 2002ರಲ್ಲಿ ಎರಿಕ್ ರೈನ್‌ಹಾರ್ಡ್ ಮತ್ತು ಸಂಗಡಿಗರು ಅದಕ್ಕೆ ಆಡಮ್ಸ್‌ರ ಝೋನ್ ಸಿಸ್ಟಮನ್ನೇ ಆಧಾರವಾಗಿ ತೆಗೆದುಕೊಂಡರು. 2007ರಲ್ಲಿ ಮೆರ್ಟೆನ್ಸ್, ಕೌಟ್ಸ್ ಮತ್ತು ವಾನ್ ರೀತ್ ಇನ್ನೂ ಸರಳವಾದ ದಾರಿ ತೋರಿಸಿದರು: ಪ್ರತಿ ಚಿತ್ರದಲ್ಲೂ ವಿವರ, ಬಣ್ಣ, ಹದವಾದ ಹೊಳಪು ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ ಹೆಚ್ಚು ತೂಕ ಕೊಟ್ಟು ಕೂಡಿಸುವುದು.

2005ರಲ್ಲಿ ಫೋಟೋಶಾಪ್‌ಗೆ ಹೀಗೆ ಹಲವು ಎಕ್ಸ್‌ಪೋಷರ್‌ಗಳನ್ನು ಕೂಡಿಸುವ ಎಚ್‌ಡಿಆರ್ ಸೌಲಭ್ಯ ಬಂದ ಮೇಲೆ ಅದರ ಅತಿಬಳಕೆಯೂ ಆಯಿತು. ಮರದ ಸುತ್ತ ಬೆಳ್ಳನೆಯ ಅಂಚು, ಬೂದಿ ಬಣ್ಣದ ಮೋಡ, ನೆರಳೇ ಇಲ್ಲದ ನೆಲ. ಎಲ್ಲವನ್ನೂ ತೋರಿಸುವ ಹಟದಲ್ಲಿ ಬಿಸಿಲು ಎಲ್ಲಿಂದ ಬಿತ್ತೆಂಬುದೇ ಆ ಚಿತ್ರಗಳಲ್ಲಿ ತಿಳಿಯುವುದಿಲ್ಲ. ವಸಂತಕ್ಕೆ ಇನ್ನೊಂದು ತೊಂದರೆಯೂ ಇತ್ತು. ಗಾಳಿಗೆ ಚಿಗುರು ಅಲುಗಿದರೆ ಮೂರು ಚಿತ್ರಗಳಲ್ಲಿ ಎಲೆ ಮೂರು ಕಡೆ ಇರುತ್ತದೆ; ಕೂಡಿಸಿದಾಗ ಅದು ಛಾಯೆಯಾಗಿ ಉಳಿಯುತ್ತದೆ. ಗೂಗಲ್‌ನ ಎಚ್‌ಡಿಆರ್ ಪ್ಲಸ್ ಇದನ್ನು ಬೇರೆ ಬಗೆಯಲ್ಲಿ ಬಿಡಿಸಿತು. ಒಂದೇ ಎಕ್ಸ್‌ಪೋಷರ್‌ನಲ್ಲಿ, ಬಿಳಿ ಸುಟ್ಟುಹೋಗದಷ್ಟು ಕಪ್ಪಾಗಿ, ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು, ತುಂಡುತುಂಡಾಗಿ ಹೊಂದಿಸಿ, ನೆರಳಿನ ನಾಯ್ಸ್ ತಗ್ಗಿಸಿ ಬೆಳಗಿಸುವುದು ಅದರ ಕ್ರಮ. ಹೊಂದದ ತುಂಡನ್ನು ಅದು ಕೈಬಿಡುತ್ತದೆ. ಈ ಹೊತ್ತಿಗೆ ದೊಡ್ಡ ಕ್ಯಾಮೆರಾಗಳ ಸೆನ್ಸರೂ ಸುಧಾರಿಸಿತು. 2012ರ ನಿಕಾನ್ ಡಿ800 ಒಂದೇ ಚಿತ್ರದಲ್ಲಿ 14 ಸ್ಟಾಪ್‌ಗಳ ಸಮೀಪ ಹೋಯಿತು.

ಮಬ್ಬಿಗೂ ಉತ್ತರ ಸಿಕ್ಕಿತು. 2009ರಲ್ಲಿ ಹೆ ಕೈಮಿಂಗ್ ಮತ್ತು ಸಂಗಡಿಗರು, ಮಬ್ಬಿಲ್ಲದ ಹೊರಾಂಗಣ ಚಿತ್ರದ ಬಹುತೇಕ ಭಾಗಗಳಲ್ಲಿ ಯಾವುದಾದರೂ ಒಂದು ಬಣ್ಣ ತೀರ ಕಪ್ಪಾಗಿರುತ್ತದೆ ಎಂಬ ಗಮನಿಕೆಯಿಂದ ಮಬ್ಬಿನ ಪ್ರಮಾಣ ಕಂಡುಹಿಡಿಯುವ ವಿಧಾನ ಕೊಟ್ಟರು. 2015ರಿಂದ ಲೈಟ್‌ರೂಮ್‌ನಲ್ಲೂ ಡೀಹೇಜ್ ಸ್ಲೈಡರ್ ಇದೆ. ಅದನ್ನು ಅಳತೆಯಲ್ಲಿ ಬಳಸಬೇಕು: ಚೈತ್ರದ ಬೆಳಗಿನಲ್ಲಿ ದೂರದ ಬೆಟ್ಟ ಮಸುಕಾಗಿ ಕಾಣುವುದೂ ಆ ಋತುವಿನ ಸತ್ಯವೇ.

ಮುತ್ತುಗದ ಕೆಂಪು, ಕಾಫಿ ಹೂವಿನ ಬಿಳಿ

ಇಷ್ಟೆಲ್ಲ ಆದ ಮೇಲೂ ಕೆಲವು ತೊಡಕುಗಳು ಕೈಯಲ್ಲೇ ಬಿಡಿಸಬೇಕಾದವು. ಬಿಸಿಲಿನಲ್ಲಿ ತೆಗೆದ ಮುತ್ತುಗದ ಹೂ ಎಷ್ಟೋ ಚಿತ್ರಗಳಲ್ಲಿ ದಳಗಳ ಗೆರೆಯಿಲ್ಲದ ಕೇಸರಿ ಮುದ್ದೆಯಾಗಿರುತ್ತದೆ. ಕಾರಣ, ಚಿತ್ರದ ಹೊಳಪು ಎಡಗಡೆಯ ಕಪ್ಪಿನಿಂದ ಬಲಗಡೆಯ ಬಿಳಿಯವರೆಗೆ ಹೇಗೆ ಹಂಚಿದೆಯೆಂದು ಕ್ಯಾಮೆರಾದ ಹಿಂಬದಿಯಲ್ಲಿ ತೋರಿಸುವ ರೇಖೆ, ಹಿಸ್ಟೋಗ್ರಾಂ. ಒಟ್ಟು ಹೊಳಪಿನ ಲೆಕ್ಕದಲ್ಲಿ ಹಸಿರಿಗೆ ಸುಮಾರು ಶೇ. 72 ತೂಕ, ಕೆಂಪಿಗೆ ಶೇ. 21, ನೀಲಿಗೆ ಶೇ. 7. ಹೀಗಾಗಿ ಕೆಂಪು ಚಾನೆಲ್ ತುಂಬಿ ಹರಿದಿದ್ದರೂ ಒಟ್ಟು ರೇಖೆ ಸುರಕ್ಷಿತವಾಗಿಯೇ ಕಾಣುತ್ತದೆ. ಮೂರೂ ಬಣ್ಣಗಳ ಹಿಸ್ಟೋಗ್ರಾಂ ಬೇರೆಬೇರೆಯಾಗಿ ನೋಡಿ, ಕೆಂಪು ಬಲಗೋಡೆ ಮುಟ್ಟಿದ್ದರೆ ಎಕ್ಸ್‌ಪೋಷರ್ ಇಳಿಸಬೇಕು. ಸಂಸ್ಕರಣೆಯಲ್ಲಿ ವೈಟ್ ಬ್ಯಾಲೆನ್ಸನ್ನು ಬೆಚ್ಚಗೆ ಮಾಡಿದಷ್ಟೂ ಕೆಂಪು ಮತ್ತೆ ಉಕ್ಕುತ್ತದೆ. ಸ್ಯಾಚುರೇಷನ್ ಏರಿಸುವ ಬದಲು ಕೇಸರಿಯ ಹೊಳಪನ್ನು ತುಸು ತಗ್ಗಿಸಿದರೆ ದಳದ ಮಡಿಕೆಗಳೂ ಕಪ್ಪು ಮಖಮಲ್ಲಿನಂಥ ತೊಟ್ಟಿನ ಬಟ್ಟಲೂ ಕಾಣತೊಡಗುತ್ತವೆ.

ಕಾಫಿ ಹೂವಿನದು ಇದಕ್ಕೆ ವಿರುದ್ಧವಾದ ಕಷ್ಟ. ಮರಗಳ ನೆರಳಿನಡಿ ಬಿಸಿಲ ಚುಕ್ಕೆ ಬಿದ್ದ ಕಡೆ ಬಿಳಿ ಸುಡುತ್ತದೆ, ಉಳಿದ ಕಡೆ ಮೇಲಿನ ಎಲೆಗಳ ಹಸಿರು ಹೂವಿಗೂ ಹತ್ತುತ್ತದೆ. ಮಂಜಿನ ಬೆಳಗು ಅಥವಾ ತೆಳುಮೋಡಕ್ಕೆ ಕಾಯುವ ಪೋರ್ಟರ್ ದಾರಿಗಿಂತ ಒಳ್ಳೆಯದು ಇಲ್ಲಿಲ್ಲ. ಕಾಫಿ ಎಲೆಯ ಹೊಳಪು ಬಾನಿನ ಬಿಳಿಯನ್ನು ಪ್ರತಿಫಲಿಸಿ ಹಸಿರನ್ನು ಮುಚ್ಚುತ್ತದೆ. ಅದನ್ನು ತೆಗೆಯುವುದು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್. ಸಾಫ್ಟ್‌ವೇರ್ ಈ ಕೆಲಸ ಪೂರ್ತಿ ಮಾಡಲಾರದು. ಪ್ರತಿಫಲನದಡಿ ಮುಚ್ಚಿಹೋದ ಬಣ್ಣ ಫೈಲಿನಲ್ಲಿ ಇರುವುದೇ ಇಲ್ಲ. ಆದರೆ ಪೋಲರೈಸರ್ ಒಂದೆರಡು ಸ್ಟಾಪ್ ಬೆಳಕು ನುಂಗುವುದರಿಂದ ಗಾಳಿ ನಿಂತ ಗಳಿಗೆಗೆ ಕಾಯಬೇಕು.

ಈಗ ಉಳಿದ ಪ್ರಶ್ನೆ

2020ರಲ್ಲಿ ಫೋಟೋಶಾಪ್ ಒಂದೇ ಗುಂಡಿಯಲ್ಲಿ ಬಾನನ್ನು ಬದಲಿಸುವ ಸೌಲಭ್ಯ ಕೊಟ್ಟಿತು. ಲ ಗ್ರೇ ಮಾಡಿದ್ದೂ ಇದನ್ನೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಅವನ ಒಂದೇ ಪ್ಲೇಟಿಗೆ ಕಡಲೂ ಬಾನೂ ಒಟ್ಟಿಗೆ ದಕ್ಕುತ್ತಿರಲಿಲ್ಲ. ಅವನಿಗೆ ಬೇರೆ ದಾರಿಯಿರಲಿಲ್ಲ. ನಮ್ಮ ಸೆನ್ಸರಿಗೆ ನೆಲವೂ ಬಾನೂ ಒಟ್ಟಿಗೇ ದಕ್ಕುತ್ತವೆ. ಬೇರೆಲ್ಲಿಯದೋ ಸಂಜೆಯ ಬಾನನ್ನು ತಂದು ಚೈತ್ರದ ನಡುಹಗಲಿಗೆ ಅಂಟಿಸಿದರೆ ಮೇಲಿನ ಬೆಳಕಿನ ದಿಕ್ಕಿಗೂ ಕೆಳಗಿನ ನೆರಳಿನ ದಿಕ್ಕಿಗೂ ತಾಳೆಯಾಗುವುದಿಲ್ಲ. ಅಂಥ ಚಿತ್ರ ಯಾವ ಋತುವಿಗೂ ಸೇರದು.

ನೂರೆಪ್ಪತ್ತು ವರ್ಷಗಳ ಈ ಪಯಣದಲ್ಲಿ ಬೆಳಕಿನ ವಿಸ್ತಾರವೆಂಬ ಮುಖ್ಯ ತೊಡಕು ಬಹುಮಟ್ಟಿಗೆ ಬಗೆಹರಿದಿದೆ. ಎಷ್ಟು ನೆರಳನ್ನು ನೆರಳಾಗಿಯೇ ಬಿಡಬೇಕು ಎಂಬ ವಿವೇಕ ಮಾತ್ರ ಯಾವ ಯಂತ್ರದಲ್ಲೂ ಬಂದಿಲ್ಲ. ವಸಂತವನ್ನು ತೆಗೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ, ಮೂಲವನ್ನು ಅಳಿಸಬೇಡಿ, ಬಿಸಿಲು ಯಾವ ಕಡೆಯಿಂದ ಬಿತ್ತೆಂಬುದು ಮುಗಿದ ಚಿತ್ರದಲ್ಲೂ ಗೊತ್ತಾಗಲಿ. ಹಲವು ಚಿತ್ರಗಳನ್ನು ಕೂಡಿಸಿದ್ದರೆ ಅಡಿಬರಹದಲ್ಲಿ ಹಾಗೆಂದು ಹೇಳಿ.