ಟೋಫೆಲ್ ಪರೀಕ್ಷೆ ಅಳೆಯುತ್ತ ಬಂದದ್ದೇನು? ಅರವತ್ತು ವರ್ಷಗಳ ಪರಿಷ್ಕರಣೆಗಳ ಚರಿತ್ರೆ

ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ಅಮೆರಿಕ, ಕೆನಡಾದಂಥ ದೇಶಗಳ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಾಗ ಬರೆಯುವ ಟೋಫೆಲ್ ಪರೀಕ್ಷೆ 2026ರ ಜನವರಿ 21ರಿಂದ ಹೊಸ ರೂಪದಲ್ಲಿ ನಡೆಯುತ್ತಿದೆ. ಇಪ್ಪತ್ತು ವರ್ಷ ಚಾಲ್ತಿಯಲ್ಲಿದ್ದ 120 ಅಂಕಗಳ ಅಳತೆಯ ಜಾಗಕ್ಕೆ 1ರಿಂದ 6ರವರೆಗಿನ ಶ್ರೇಣಿ ಬಂದಿದೆ. ಓದುವ ಮತ್ತು ಆಲಿಸುವ ಭಾಗಗಳಲ್ಲಿ ಮೊದಲ ಹಂತವನ್ನು ಅಭ್ಯರ್ಥಿ ಹೇಗೆ ಬರೆದ ಎನ್ನುವುದನ್ನು ನೋಡಿಕೊಂಡು ಎರಡನೆಯ ಹಂತದ ಪ್ರಶ್ನೆಗಳು ಸುಲಭವೋ ಕಠಿಣವೋ ಆಗುತ್ತವೆ. ಫಲಿತಾಂಶ 72 ಗಂಟೆಯೊಳಗೆ ಕೈಸೇರುತ್ತದೆ. ಕೋಚಿಂಗ್ ಕೇಂದ್ರಗಳ ಮಟ್ಟಿಗೆ ಇದು ಸಿಲಬಸ್ ಬದಲಾದ ಸುದ್ದಿ. ಹಿಂದಿನ ಪರಿಷ್ಕರಣೆಗಳನ್ನೂ ಇದರ ಪಕ್ಕಕ್ಕಿಟ್ಟು ನೋಡಿದರೆ ಬೇರೆಯದೇ ಕಥೆ ಕಾಣುತ್ತದೆ. ತರಗತಿಯಲ್ಲಿ ಭಾಷೆ ನಿಜವಾಗಿ ಬಳಕೆಯಾಗುವ ರೀತಿಯನ್ನೇ ಪರೀಕ್ಷಿಸಬೇಕೆಂಬ ಮಾತು 1961ರಲ್ಲೇ ಬಂದಿತ್ತು. ಅದು ಪ್ರಶ್ನೆಪತ್ರಿಕೆಗೆ ಇಳಿಯಲು 44 ವರ್ಷ ಹಿಡಿಯಿತು. ಇಳಿದದ್ದು 20 ವರ್ಷ ಬಾಳಿತು. ಈ ಏರಿಳಿತಕ್ಕೆ ಭಾಷಾವಿಜ್ಞಾನಕ್ಕಿಂತ ಖರ್ಚು, ಯಂತ್ರ, ಮಾರುಕಟ್ಟೆಗಳೇ ಹೆಚ್ಚು ಕಾರಣ ಎನ್ನುವುದು ಈ ಲೇಖನದ ವಾದ.

ಟೋಫೆಲ್‌ಗೂ ಮುಂಚೆ ಒಂದು ಪರೀಕ್ಷೆ ಬಂದು ಹೋಗಿತ್ತು. ಅಮೆರಿಕದ 1924ರ ವಲಸೆ ಕಾಯ್ದೆ ದೇಶವಾರು ಕೋಟಾ ನಿಗದಿ ಮಾಡಿದಾಗ ವಿದ್ಯಾರ್ಥಿಗಳನ್ನು ಕೋಟಾದಿಂದ ಹೊರಗಿಟ್ಟಿತು. ಹಾಗಾದರೆ ನಿಜವಾಗಿ ಓದಲು ಬರುವವರು ಯಾರು, ಓದಿನ ನೆಪದಲ್ಲಿ ಬರುವವರು ಯಾರು ಎಂದು ಗೊತ್ತುಮಾಡುವುದು ಹೇಗೆ? ವಲಸೆ ಅಧಿಕಾರಿಗಳ ಈ ತಲೆನೋವಿಗೆ ಉತ್ತರವಾಗಿ, ಅಲ್ಲಿನ ಪ್ರವೇಶ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ 1930ರಲ್ಲಿ ವಿದೇಶಿ ಅಭ್ಯರ್ಥಿಗಳಿಗಾಗಿ ಇಂಗ್ಲಿಷ್ ಪರೀಕ್ಷೆಯೊಂದನ್ನು ಶುರುಮಾಡಿತು. ಅದರಲ್ಲಿ ಓದಿ ಗ್ರಹಿಸುವ ಪ್ರಶ್ನೆಗಳಿದ್ದವು, ಪ್ರಬಂಧವಿತ್ತು, ಪರೀಕ್ಷಕರೊಡನೆ ಎದುರುಬದುರು ಕೂತು ಮಾತನಾಡುವ ಭಾಗವೂ ಇತ್ತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಶುಲ್ಕ ತೆತ್ತು ಬರೆಯುವವರು ಸಿಗಲಿಲ್ಲ. ದಶಕದ ನಡುವಿಗೆ ಪರೀಕ್ಷೆ ನಿಂತೇಹೋಯಿತು. ಇಂಗ್ಲಿಷ್ ಪರೀಕ್ಷೆಯ ಬೇರು ಶಿಕ್ಷಣದಲ್ಲಿರುವಷ್ಟೇ ವಲಸೆ ನಿಯಂತ್ರಣದಲ್ಲೂ ಇದೆ ಎನ್ನುವುದಕ್ಕಾಗಿ ಈ ಅಲ್ಪಾಯು ಪರೀಕ್ಷೆಯನ್ನು ನೆನೆಯಬೇಕು.

ಎರಡನೆಯ ಮಹಾಯುದ್ಧದ ನಂತರ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಏರಿತು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಾಡೊ ರೂಪಿಸಿದ ಪರೀಕ್ಷೆಗಳು ಹೆಸರು ಮಾಡಿದ್ದವು. ಭಾಷೆಯನ್ನು ಧ್ವನಿ, ಪದ, ವಾಕ್ಯರಚನೆ ಎಂದು ಬಿಡಿಸಿ, ಒಂದು ಪ್ರಶ್ನೆಗೆ ಒಂದೇ ಅಂಶದಂತೆ ಪರೀಕ್ಷಿಸುವುದು ಅವರ ಪದ್ಧತಿ. 1961ರ ಅವರ ಪುಸ್ತಕ ಈ ಪದ್ಧತಿಗೆ ಶಾಸ್ತ್ರದ ಮನ್ನಣೆ ಕೊಟ್ಟಿತು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಇಂಗ್ಲಿಷ್ ಪರೀಕ್ಷೆಯ ಕುರಿತು ಒಂದು ಸಮ್ಮೇಳನ ನಡೆಯಿತು. ಅಲ್ಲಿ ಮನೋವಿಜ್ಞಾನಿ ಜಾನ್ ಬಿ. ಕ್ಯಾರೊಲ್ ಮಂಡಿಸಿದ ಪ್ರಬಂಧ ಈ ಇಡೀ ಚರಿತ್ರೆಯ ಕೀಲಿಕೈ. ಬಿಡಿ ಅಂಶಗಳ ಪ್ರಶ್ನೆ ಬೇಡವೆಂದು ಕ್ಯಾರೊಲ್ ಹೇಳಲಿಲ್ಲ. ಅಷ್ಟರಿಂದಲೇ ಸಾಲದು, ಒಂದು ಮಾತಿನ ಒಟ್ಟು ಅರ್ಥವನ್ನು ವೇಗವಾಗಿ ಹಿಡಿಯುವ, ಹಲವು ಕೌಶಲಗಳನ್ನು ಒಟ್ಟಿಗೆ ದುಡಿಸುವ ಪ್ರಶ್ನೆಗಳೂ ಬೇಕು ಎಂದರು.

ಸಮ್ಮೇಳನದ ಫಲವಾಗಿ 1962ರಲ್ಲಿ ಇಂಥ ಪರೀಕ್ಷೆಯನ್ನು ರೂಪಿಸಲು ರಾಷ್ಟ್ರೀಯ ಮಂಡಳಿಯೊಂದು ರಚನೆಯಾಯಿತು. 1964ರಲ್ಲಿ ಮೊದಲ ಟೋಫೆಲ್ ನಡೆದಾಗ 57 ಕೇಂದ್ರಗಳಲ್ಲಿ 920 ಜನ ಕುಳಿತರು. ಆಲಿಸುವಿಕೆ, ವಾಕ್ಯರಚನೆ, ಶಬ್ದಸಂಪತ್ತು, ಓದು, ಬರವಣಿಗೆ ಎಂದು ಐದು ಭಾಗ. ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳೇ. ಬರವಣಿಗೆಯ ಭಾಗದಲ್ಲೂ ಅಭ್ಯರ್ಥಿ ಒಂದು ವಾಕ್ಯ ಬರೆಯಬೇಕಿರಲಿಲ್ಲ. ನಾಲ್ಕರಲ್ಲೊಂದನ್ನು ಗುರುತಿಸಿದರೆ ಆಯಿತು. ಮಾತಿನ ಭಾಗ ಇರಲೇ ಇಲ್ಲ. ಕ್ಯಾರೊಲ್ ಹೇಳಿದ್ದು ಸಮ್ಮೇಳನದ ಕಡತದಲ್ಲಿ ಉಳಿಯಿತು, ಲಾಡೊ ಪದ್ಧತಿ ಪ್ರಶ್ನೆಪತ್ರಿಕೆಗೆ ಬಂತು. ಇದನ್ನು ವಿದ್ವಾಂಸರ ಸೋಲೆನ್ನುವುದು ಸರಿಯಲ್ಲ. ನಮ್ಮ ಬಿ.ಇಡಿ. ಪಠ್ಯಗಳಲ್ಲಿ ಬರುವ ವಿಶ್ವಸನೀಯತೆ ಮತ್ತು ಸಪ್ರಮಾಣತೆಗಳ ಹಗ್ಗಜಗ್ಗಾಟವೇ ಇಲ್ಲೂ ನಡೆದದ್ದು. ಯಾರು ತಿದ್ದಿದರೂ, ಎಷ್ಟು ಸಲ ತಿದ್ದಿದರೂ ಅದೇ ಅಂಕ ಬರಬೇಕು ಎನ್ನುವುದು ಮೊದಲನೆಯದು. ಅಳೆಯಬೇಕಾದುದನ್ನೇ ಅಳೆಯಬೇಕು ಎನ್ನುವುದು ಎರಡನೆಯದು. ಲೋಕದ ಮೂಲೆಮೂಲೆಯಿಂದ ಬರುವ ಪ್ರಬಂಧಗಳನ್ನು ಒಂದೇ ಮಟ್ಟದಲ್ಲಿ ತಿದ್ದಿಸುವುದು ಅಂದು ದುಬಾರಿಯಾಗಿತ್ತು. 1965ರಲ್ಲಿ ಕಾಲೇಜ್ ಬೋರ್ಡ್ ಜತೆ ಈ ಪರೀಕ್ಷೆಯ ಹೊಣೆ ಹೊತ್ತ, ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನ ಇಟಿಎಸ್ ಸಂಸ್ಥೆಯ ಬಲವೇ ಬಹು ಆಯ್ಕೆಯ ಪರೀಕ್ಷೆಗಳಲ್ಲಿತ್ತು.

1976ರಲ್ಲಿ ಐದು ಭಾಗಗಳು ಮೂರಾದವು. ಗರಿಷ್ಠ 677 ಅಂಕಗಳ ಈ ಕಾಗದದ ಪರೀಕ್ಷೆಯೇ ಎರಡು ದಶಕ ಅಮೆರಿಕದ ಬಾಗಿಲು ಕಾಯಿತು. ಅನೇಕ ವಿಶ್ವವಿದ್ಯಾಲಯಗಳು 550ನ್ನು ಹೊಸ್ತಿಲಾಗಿ ಇಟ್ಟುಕೊಂಡವು. ಆದರೆ 600 ಬಂದವರೂ ತರಗತಿಯಲ್ಲಿ ಬಾಯಿ ಬಿಡಲಾರರು ಎಂಬ ದೂರು ಕೇಳತೊಡಗಿತು. ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ವಿದೇಶಿ ಸಂಶೋಧನಾ ವಿದ್ಯಾರ್ಥಿಗಳು ಪದವಿ ತರಗತಿಗಳಿಗೆ ಪಾಠ ಮಾಡುತ್ತಿದ್ದರು. ಅವರ ಮಾತು ಅರ್ಥವಾಗುವುದಿಲ್ಲವೆಂದು ಅಮೆರಿಕದ ಪೋಷಕರು ಶಾಸನಸಭೆಗಳ ತನಕ ಹೋದರು. 1980ರ ದಶಕದಲ್ಲಿ ಹಲವು ರಾಜ್ಯಗಳು ಬೋಧನಾ ಸಹಾಯಕರ ಇಂಗ್ಲಿಷ್ ಕುರಿತು ಕಾನೂನನ್ನೇ ಮಾಡಿದವು. ಇಟಿಎಸ್ 1979ರಲ್ಲಿ ಮಾತಿನ ಪರೀಕ್ಷೆಯನ್ನೂ 1986ರಲ್ಲಿ 30 ನಿಮಿಷದ ಬರವಣಿಗೆಯ ಪರೀಕ್ಷೆಯನ್ನೂ ತಂದಿತು. ಎರಡೂ ಮೂಲ ಟೋಫೆಲ್‌ನ ಹೊರಗಿನ ಪ್ರತ್ಯೇಕ ಪರೀಕ್ಷೆಗಳು. ಮನೆ ಬದಲಿಸದೆ ಜಗುಲಿ ಕಟ್ಟಿಸಿದ ಹಾಗಿತ್ತು ಈ ಏರ್ಪಾಡು.

ಇದೇ ಕಾಲದ ಬ್ರಿಟನ್ನಿನ ದಾರಿ ಬೇರೆಯಿತ್ತು. ಅಲ್ಲಿ ಬ್ರಿಟಿಷ್ ಕೌನ್ಸಿಲ್ 1960ರ ದಶಕದ ನಡುವಿನಿಂದ ಬಳಸುತ್ತಿದ್ದದ್ದು ಅಲನ್ ಡೇವಿಸ್ ರೂಪಿಸಿದ ಪರೀಕ್ಷೆಯನ್ನು. 1980ರಲ್ಲಿ ಅದನ್ನು ಕೈಬಿಟ್ಟು, ವೈದ್ಯಕೀಯದವನಿಗೊಂದು, ತಂತ್ರಜ್ಞಾನದವನಿಗೊಂದು ಎಂಬಂತೆ ಅಧ್ಯಯನ ವಿಷಯಕ್ಕೆ ತಕ್ಕ ಪತ್ರಿಕೆಗಳಿದ್ದ ಹೊಸ ಪರೀಕ್ಷೆಯನ್ನು ತಂದರು. ಆಗ ಇದ್ದ ಆರು ಪತ್ರಿಕೆಗಳು 1989ರಲ್ಲಿ ಅದರ ಜಾಗಕ್ಕೆ ಐಇಎಲ್‌ಟಿಎಸ್ ಪರೀಕ್ಷೆ ಬಂದಾಗ ಮೂರು ವಿಷಯ ಗುಂಪುಗಳಿಗೆ ಇಳಿದವು. ಜತೆಗೆ ಸಾಮಾನ್ಯ ತರಬೇತಿಯ ಒಂದು ಪತ್ರಿಕೆ ಸೇರಿತು. 1995ರ ಹೊತ್ತಿಗೆ ವಿಶ್ವವಿದ್ಯಾಲಯಕ್ಕೆ ಹೋಗುವವರೆಲ್ಲರಿಗೂ ಒಂದೇ ಪತ್ರಿಕೆ ಉಳಿಯಿತು. ಆದರೂ ಪರೀಕ್ಷಕರ ಎದುರು ಕೂತು ಮಾತನಾಡುವುದನ್ನು ಐಇಎಲ್‌ಟಿಎಸ್ ಬಿಡಲಿಲ್ಲ.

ಅಲನ್ ಡೇವಿಸ್ ಹೆಸರು ನಮ್ಮ ನೆಲದ ಒಂದು ಪ್ರಯೋಗದೊಂದಿಗೂ ಸೇರಿಕೊಂಡಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನಂಟಿನೊಂದಿಗೆ, ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ಲೋಕ ಬೆಂಗಳೂರು ಪ್ರಾಜೆಕ್ಟ್ ಎಂದು ಕರೆಯುತ್ತದೆ. ವ್ಯಾಕರಣ ಪಾಠವನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹೇಳುವುದು ಮುಂತಾದ ಕೆಲಸಗಳ ಮೂಲಕವೇ ಇಂಗ್ಲಿಷ್ ಕಲಿಸಿದರು. ಇದರ ಮೌಲ್ಯಮಾಪನ ಮಾಡಿ 1985ರಲ್ಲಿ ವರದಿ ಪ್ರಕಟಿಸಿದವರು ಅಲನ್ ಬೆರೆಟ್ಟಾ ಮತ್ತು ಇದೇ ಡೇವಿಸ್. ಅವರಿಗೆ ಕಂಡದ್ದು: ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆ ಪದ್ಧತಿಯ ಮಕ್ಕಳು ಮುಂದು, ಕೆಲಸ ಆಧರಿಸಿದ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು ಮುಂದು. ಯಾವ ಪರೀಕ್ಷೆ ಇಡುತ್ತೀರೋ ಆ ಬಗೆಯ ಕಲಿಕೆ ಗೆಲ್ಲುತ್ತದೆ. ಪ್ರಿನ್ಸ್‌ಟನ್‌ನಲ್ಲಿ ನಡೆದ ಎಲ್ಲ ಚರ್ಚೆಯ ತಿರುಳು ನಮ್ಮ ಕಡೆಯ ಶಾಲಾಮಕ್ಕಳ ಫಲಿತಾಂಶದಲ್ಲೇ ಇತ್ತು ಎಂದರೆ ಅತಿಶಯವಲ್ಲ.

1998ರ ಜುಲೈಯಲ್ಲಿ ಟೋಫೆಲ್ ಕಂಪ್ಯೂಟರಿಗೆ ಬಂತು. ಅಂಕ 300ಕ್ಕೆ ಇಳಿಯಿತು. ಹಳೆಯ 550 ಹೊಸ 213 ಆಯಿತು. ಆಲಿಸುವ ಮತ್ತು ವಾಕ್ಯರಚನೆಯ ಭಾಗಗಳಲ್ಲಿ ಹಿಂದಿನ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಬರುತ್ತಿತ್ತು. ದಾಟಿದ ಪ್ರಶ್ನೆಗೆ ಮರಳುವಂತಿರಲಿಲ್ಲ. ಪ್ರಬಂಧ ಎಲ್ಲರಿಗೂ ಕಡ್ಡಾಯವಾಯಿತು. ಮೌಸ್ ಹಿಡಿದು ಗೊತ್ತಿಲ್ಲದವರು ಎಷ್ಟೋ ಮಂದಿ ಇದ್ದ ಕಾಲ ಅದು; ಪರೀಕ್ಷೆಗೆ ಮೊದಲು ಕಂಪ್ಯೂಟರ್ ಬಳಕೆಯ ಪಾಠ ಇಡಬೇಕಾಯಿತು, ಪ್ರಬಂಧವನ್ನು ಕೈಯಲ್ಲಿ ಬರೆಯಲೂ ಬಿಟ್ಟರು. ಸಾಧನ ಹೊಸದಾಗಿತ್ತೇ ಹೊರತು ಪ್ರಶ್ನೆಗಳ ಸ್ವಭಾವ ಹೆಚ್ಚು ಬದಲಾಗಿರಲಿಲ್ಲ.

ನಿಜವಾದ ಬದಲಾವಣೆ ತೆರೆಮರೆಯಲ್ಲಿ ತಯಾರಾಗುತ್ತಿತ್ತು. 1990ರ ದಶಕದಲ್ಲಿ ಇಟಿಎಸ್ ಕೈಗೊಂಡ ‘ಟೋಫೆಲ್ 2000’ ಯೋಜನೆ ಪರೀಕ್ಷೆಯನ್ನು ಬುಡದಿಂದ ಮತ್ತೆ ಯೋಚಿಸಿತು. ಇದರ ಭಾಗವಾಗಿ ಭಾಷಾವಿಜ್ಞಾನಿ ಡಗ್ಲಾಸ್ ಬೈಬರ್ ಮತ್ತು ಸಂಗಡಿಗರು ಅಮೆರಿಕದ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಬಳಕೆಯಾಗುವ ಇಂಗ್ಲಿಷನ್ನು ಕಲೆಹಾಕಿದರು. ಉಪನ್ಯಾಸ, ಪಠ್ಯಪುಸ್ತಕ ಮಾತ್ರವಲ್ಲ. ಅಧ್ಯಾಪಕರ ಕೋಣೆಯ ಮಾತುಕತೆ, ಪ್ರಯೋಗಾಲಯದ ಸೂಚನೆ, ಪುಸ್ತಕದಂಗಡಿಯ ಕೌಂಟರಿನ ವಿಚಾರಣೆ, ಕೋರ್ಸಿನ ನಿಯಮಪತ್ರ ಎಲ್ಲವೂ ಸೇರಿ ಸುಮಾರು 27 ಲಕ್ಷ ಪದಗಳ ಸಂಗ್ರಹವಾಯಿತು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಘಟ್ಟ ಇದು. ವಿದ್ಯಾರ್ಥಿ ಎದುರಿಸುವ ಭಾಷೆ ಯಾವುದು ಎಂದು ಊಹಿಸುವುದನ್ನು ಬಿಟ್ಟು, ಹೋಗಿ ಕೇಳಿಸಿಕೊಂಡು ಬಂದಿದ್ದರು.

2005ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ, ಬಳಿಕ ಒಂದೊಂದೇ ದೇಶದಲ್ಲಿ ಶುರುವಾದ ಅಂತರ್ಜಾಲ ಟೋಫೆಲ್ ಇದರ ಫಲ. ವಾಕ್ಯರಚನೆಯ ಭಾಗವನ್ನೇ ತೆಗೆದುಹಾಕಿದರು. ಮಾತಿನ ಭಾಗ ಮೊದಲ ಸಲ ಟೋಫೆಲ್‌ನ ಒಳಗೆ ಬಂತು. ಎಲ್ಲಕ್ಕಿಂತ ಮುಖ್ಯವಾಗಿ ಕೌಶಲಗಳನ್ನು ಹೆಣೆದ ಪ್ರಶ್ನೆಗಳು ಬಂದವು: ಅಭ್ಯರ್ಥಿ ಒಂದು ಪಠ್ಯಭಾಗ ಓದಬೇಕು, ಅದಕ್ಕೆ ಎದುರಾದ ಮಾತು ಹೇಳುವ ಉಪನ್ಯಾಸ ಕೇಳಬೇಕು, ಆ ಉಪನ್ಯಾಸ ಪಠ್ಯದ ವಾದವನ್ನು ಎಲ್ಲೆಲ್ಲಿ ಪ್ರಶ್ನಿಸುತ್ತದೆ ಎಂದು ಬರೆಯಬೇಕು. ಕೇಳುವಾಗ ಟಿಪ್ಪಣಿ ಮಾಡಿಕೊಳ್ಳಲೂ ಅನುಮತಿ ಸಿಕ್ಕಿತು. ತರಗತಿಯಲ್ಲಿ ವಿದ್ಯಾರ್ಥಿ ಮಾಡುವ ಕೆಲಸ ಇದೇ ಅಲ್ಲವೇ? ಕ್ಯಾರೊಲ್ 1961ರಲ್ಲಿ ಕೇಳಿದ್ದು ಇಲ್ಲಿ ಸಿಕ್ಕಿತು.

ಸಿಕ್ಕಿದ್ದಕ್ಕೆ ಬೆಲೆಯೂ ಇತ್ತು. ಪರೀಕ್ಷೆ ಸುಮಾರು ನಾಲ್ಕು ಗಂಟೆಗೆ ಹಿಗ್ಗಿತು, ತಿದ್ದುವವರ ಖರ್ಚು ಏರಿತು. 2009ರಿಂದ ಪ್ರಬಂಧ ತಿದ್ದುವಲ್ಲಿ ಮನುಷ್ಯರ ಜತೆಗೆ ‘ಇ-ರೇಟರ್’ ತಂತ್ರಾಂಶವೂ ಕೂತಿತು. 2019ರಲ್ಲಿ ಮಾತಿನ ಭಾಗಕ್ಕೂ ಅಂಥದೇ ಏರ್ಪಾಡು ಬಂತು. ಅದೇ ವರ್ಷ ಪರೀಕ್ಷೆಯನ್ನು ಮೂರು ಗಂಟೆಗೆ ಇಳಿಸಿ, ಮಾತಿನ ಆರು ಪ್ರಶ್ನೆಗಳನ್ನು ನಾಲ್ಕು ಮಾಡಿದರು.

ಅಷ್ಟರಲ್ಲಿ ಅಂಗಳಕ್ಕೆ ಹೊಸಬರು ಇಳಿದಿದ್ದರು. 2009ರಲ್ಲಿ ಬಂದ ಪಿಯರ್ಸನ್ ಸಂಸ್ಥೆಯ ಪರೀಕ್ಷೆ ಯಂತ್ರದಿಂದಲೇ ತಿದ್ದಿಸಿ ಬೇಗ ಫಲಿತಾಂಶ ಕೊಡುತ್ತಿತ್ತು. 2014ರಲ್ಲಿ ಇಟಿಎಸ್‌ನದೇ ಟೋಯಿಕ್ ಪರೀಕ್ಷೆಯಲ್ಲಿ ಬ್ರಿಟನ್ನಿನ ಕೆಲವು ಕೇಂದ್ರಗಳಲ್ಲಿ ನಡೆದ ಮೋಸವನ್ನು ಬಿಬಿಸಿ ಬಯಲಿಗೆಳೆದ ಮೇಲೆ ಟೋಫೆಲ್ ಕೂಡ ಅಲ್ಲಿನ ವೀಸಾ ಪಟ್ಟಿಯಿಂದ ಹೊರಬಿತ್ತು. ಮನೆಯಲ್ಲೇ ಕೂತು ಬರೆಯುವ ಡ್ಯುಯೊಲಿಂಗೊ ಪರೀಕ್ಷೆ ಒಂದು ಗಂಟೆಯಲ್ಲಿ, ಟೋಫೆಲ್‌ನ ಶುಲ್ಕದ ಸಣ್ಣ ಭಾಗಕ್ಕೆ ಮುಗಿಯುತ್ತಿತ್ತು. 2020ರ ಕೋವಿಡ್ ಬೇಗೆಯಲ್ಲಿ ಪರೀಕ್ಷಾ ಕೇಂದ್ರಗಳು ಬಾಗಿಲು ಹಾಕಿದಾಗ ಅಮೆರಿಕದ ವಿಶ್ವವಿದ್ಯಾಲಯಗಳು ಒಂದರ ಹಿಂದೊಂದು ಅದನ್ನು ಒಪ್ಪಿಕೊಂಡವು. ಟೋಫೆಲ್ ತಾನೂ ಮನೆಗೆ ಬಂತು. 2023ರ ಜುಲೈ 26ರಿಂದ ಅದರ ಅವಧಿ ಎರಡು ಗಂಟೆಗಿಂತ ಕಡಿಮೆಯಾಯಿತು. ಸ್ವತಂತ್ರ ಪ್ರಬಂಧದ ಜಾಗದಲ್ಲಿ ತರಗತಿಯ ಚರ್ಚೆಗೆ ಬರೆಯುವ ಸಣ್ಣ ಉತ್ತರ ಕೂತಿತು.

2026ರ ರೂಪವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಓದಿ, ಕೇಳಿ, ಬರೆಯುವ ಹೆಣೆದ ಪ್ರಶ್ನೆ ಈಗಿಲ್ಲ. ಮಾತಿನ ಭಾಗದಲ್ಲೂ ಅಂಥವು ಹೋಗಿ, ಕೇಳಿದ ವಾಕ್ಯವನ್ನು ಹಾಗೆಯೇ ಮರುನುಡಿಯುವುದು ಮತ್ತು ಸಂದರ್ಶನದ ಪ್ರಶ್ನೆಗಳಿಗೆ ಉತ್ತರಿಸುವುದು ಉಳಿದಿವೆ. ಬರವಣಿಗೆಯಲ್ಲಿ ಚೆದುರಿದ ಪದಗಳಿಂದ ವಾಕ್ಯ ಕಟ್ಟುವುದು, ಇಮೇಲ್ ಬರೆಯುವುದು, ಚರ್ಚೆಗೆ ಬರೆಯುವುದು; ಓದಿನಲ್ಲಿ ಅರ್ಧದಷ್ಟು ಅಕ್ಷರ ಬಿಟ್ಟ ಪದಗಳನ್ನು ತುಂಬುವುದು. ಮರುನುಡಿಯುವಿಕೆ ಪಿಯರ್ಸನ್ ಪರೀಕ್ಷೆಯಲ್ಲಿ, ಅರೆಪದ ತುಂಬುವುದು ಡ್ಯುಯೊಲಿಂಗೊದಲ್ಲಿ ಮೊದಲೇ ಇದ್ದವು. ವಾಕ್ಯ ಕಟ್ಟುವುದೂ ಸೇರಿ ಈ ಮೂರೂ ಯಂತ್ರ ಸಲೀಸಾಗಿ ತಿದ್ದಬಲ್ಲ ಪ್ರಶ್ನೆಗಳು. ಇಂಥ ಪ್ರಶ್ನೆಗಳ ಅಂಕಕ್ಕೂ ಒಟ್ಟು ಭಾಷಾಸಾಮರ್ಥ್ಯಕ್ಕೂ ಗಟ್ಟಿ ಸಂಬಂಧವಿದೆಯೆಂದು ಭಾಷಾಪರೀಕ್ಷೆಯ ಸಂಶೋಧಕರು ತೋರಿಸಿದ್ದಾರೆ, ಅದನ್ನು ತಳ್ಳಿಹಾಕಲಾಗದು. ಆದರೆ ಸಂಬಂಧವಿರುವುದು ಬೇರೆ, ಕೆಲಸವನ್ನೇ ಮಾಡಿಸಿ ನೋಡುವುದು ಬೇರೆ. 1964ರಲ್ಲೂ ಬರವಣಿಗೆಯ ಸಾಮರ್ಥ್ಯವನ್ನು ಬರೆಸದೆ ಅಳೆದದ್ದು ಇದೇ ಸಂಬಂಧದ ಭರವಸೆಯ ಮೇಲೆ.

ಅಭ್ಯರ್ಥಿಯ ಕಡೆಯಿಂದ ನೋಡಿದರೆ ಲಾಭ ಸ್ಪಷ್ಟ. ನಾಲ್ಕು ಗಂಟೆ ಕೂರುವ ಪಾಡು ತಪ್ಪಿದೆ, ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಿಲ್ಲ. ಕಲಬುರಗಿಯಂಥ ಊರಿನ ಹುಡುಗಿಗೆ ಪರೀಕ್ಷೆಗೆಂದೇ ದೊಡ್ಡ ನಗರಕ್ಕೆ ಹೋಗಿಬರುವ ಖರ್ಚು ಉಳಿಯುವುದು ಸಣ್ಣ ಮಾತಲ್ಲ. ನಷ್ಟ ಆಗಿರುವುದು ವಿಶ್ವವಿದ್ಯಾಲಯದ ತಿಳಿವಳಿಕೆಗೆ. ತನ್ನಲ್ಲಿಗೆ ಬರುವ ವಿದ್ಯಾರ್ಥಿ ಪುಸ್ತಕ ಒಂದು ಹೇಳಿ ಉಪನ್ಯಾಸ ಇನ್ನೊಂದು ಹೇಳಿದಾಗ ಎರಡನ್ನೂ ತೂಗಿ ಬರೆಯಬಲ್ಲನೇ ಎನ್ನುವುದಕ್ಕೆ ಅಂಕಪಟ್ಟಿಯಲ್ಲಿ ಈಗ ನೇರ ಉತ್ತರವಿಲ್ಲ. 1–6ರ ಜತೆಗೆ 120ರ ಲೆಕ್ಕವನ್ನೂ ಎರಡು ವರ್ಷ ಕೊಡುತ್ತಾರೆ. ಹಳೆಯ 100 ಮತ್ತು ಹೊಸ ಪಟ್ಟಿಯ 100 ಒಂದೇ ಕೆಲಸ ಮಾಡಿಸಿ ಕೊಟ್ಟ ಅಂಕಗಳಲ್ಲ. ಪ್ರವೇಶ ಸಮಿತಿಗಳು ಅವೆರಡನ್ನು ಸಮವೆಂದು ಓದಕೂಡದು. ಉಪನ್ಯಾಸ ಕೇಳಿ ಬರೆಯುವ ಸಾಮರ್ಥ್ಯ ಯಾವ ವಿಭಾಗಕ್ಕೆ ಮುಖ್ಯವೋ ಆ ವಿಭಾಗ ಅದನ್ನು ತಾನೇ ಪರೀಕ್ಷಿಸಿಕೊಳ್ಳಬೇಕು, ಅದರ ಖರ್ಚನ್ನೂ ತಾನೇ ಹೊರಬೇಕು.