ಹೈಫಾ ರಾವುತರ ತೋಟಾಪಟ್ಟಿ: 1903ರ ಮಾದರಿಯ ಕಾಲನಿರ್ಣಯದ ಬಗ್ಗೆ

1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಗೆದ್ದ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನ ಮುಖ್ಯ ಸಂಗತಿಗಳ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ದಾಳಿ ನಡೆಸಿದವು. ಹೈದರಾಬಾದ್ ಲ್ಯಾನ್ಸರ್ಸ್ ಅಂದು ಯುದ್ಧಕೈದಿಗಳ ಕಾವಲಿನಲ್ಲಿತ್ತು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ಸೀಮೆಯಲ್ಲಿದ್ದವು. ಹಾಗಾಗಿ ಈ ದಳದ ಸಾಮಗ್ರಿಯೂ ಮೈಸೂರಿನದರಷ್ಟೇ ನಮ್ಮ ಅಧ್ಯಯನಕ್ಕೆ ಹತ್ತಿರದ್ದು. ತಕರಾರು ಇರುವುದು ರಾವುತರು ತೊಡುತ್ತಿದ್ದ ಚರ್ಮದ ತೋಟಾಪಟ್ಟಿಯ ಕಾಲದ ಬಗ್ಗೆ. ಐದು ಕಿಸೆಯ ಪಟ್ಟಿ ಹಳೆಯದು, ಒಂಬತ್ತು ಕಿಸೆಯದು ಅದರ ತಿದ್ದಿದ ರೂಪ ಎಂಬ ವಾದವುಂಟು. ಸಂಗ್ರಾಹಕರು ಬೆಲೆ ಕಟ್ಟುವಾಗಲೂ ಕಾಳಗವನ್ನು ಮರುನಟಿಸುವವರು ವೇಷ ಹೊಂದಿಸುವಾಗಲೂ ಇದನ್ನೇ ನೆಚ್ಚಿದರೆ ಎಡವುತ್ತಾರೆ.

ಎರಡೂ ಪಟ್ಟಿಗಳು 1903ರ ಒಂದೇ ಮಾದರಿಗೆ ಸೇರಿದವು. ಕಂದು ಚರ್ಮ, ಹಿತ್ತಾಳೆಯ ಗುಂಡಿ, ಪ್ರತಿ ಕಿಸೆಯಲ್ಲಿ ಐದೈದು ತೋಟಾಗಳ ಎರಡು ಚಾರ್ಜರ್. ಐದು ಕಿಸೆಗೆ 50 ತೋಟಾ, ಒಂಬತ್ತಕ್ಕೆ 90. ಮೊದಲನೆಯದು ಕಾಲಾಳಿಗೆ, ಎರಡನೆಯದು ಕುದುರೆ ಸವಾರನಿಗೆ. ಸವಾರನ ಪಟ್ಟಿಯಲ್ಲಿ ಐದು ಕಿಸೆ ಎದೆಯ ಕಡೆ, ನಾಲ್ಕು ಬೆನ್ನಿನ ಕಡೆ ಬರುತ್ತಿದ್ದವು. ಕಿಸೆಯ ಸಂಖ್ಯೆ ತಿಳಿಸುವುದು ದಳವನ್ನು, ವರ್ಷವನ್ನಲ್ಲ. ಬ್ರಿಟಿಷ್ ಕಾಲಾಳುಗಳು 1908ರ ನೇಯ್ದ ಪಟ್ಟಿಯ ಸಾಮಗ್ರಿಗೆ ಬದಲಾದ ಮೇಲೆ ಐದು ಕಿಸೆಯದು ಹಿಂದೆ ಬಿತ್ತಲ್ಲ ಎಂದು ಆಕ್ಷೇಪಿಸಬಹುದು. ಬ್ರಿಟನ್ನಿನ ಮಟ್ಟಿಗೆ ಇದರಲ್ಲಿ ಹುರುಳಿದೆ. ಆದರೆ ಭಾರತೀಯ ಕಾಲಾಳುಗಳಲ್ಲಿ ಚರ್ಮದ ಪಟ್ಟಿ ಆಮೇಲೂ ಬಳಕೆಯಲ್ಲಿತ್ತು. ಲಂಡನ್ನಿನ ಕಾಲಪಟ್ಟಿಯನ್ನು ದಖ್ಖನ್ನಿನ ವಸ್ತುವಿಗೆ ಹಾಗೆಯೇ ಹೊಂದಿಸಲಾಗದು. ಇಂಥದ್ದೇ ಎಚ್ಚರಿಕೆ ಬೇರೆಡೆಯೂ ಬೇಕು: ಎರಡನೆಯ ಮಹಾಯುದ್ಧದ ಜರ್ಮನ್ ಪ್ಯಾರಾಟ್ರೂಪರ್‌ಗಳ ಬಟ್ಟೆಯ ತೋಟಾಪಟ್ಟಿಯಲ್ಲಿ ನೀಲಿ-ಬೂದು ಮೊದಲು, ಮರೆಬಣ್ಣ ಆಮೇಲೆ ಎಂಬ ಸರಣಿ ಸ್ಥೂಲವಾಗಿ ನಿಜವೇ. ಆದರೂ ಹಳೆಯ ದಾಸ್ತಾನು ಮುಗಿಯುವವರೆಗೆ ಹಂಚುವ ಸೇನೆಯಲ್ಲಿ ಬಣ್ಣವೊಂದರಿಂದಲೇ ವರ್ಷ ಹೇಳಲಾಗದು.

ಹಾಗಾದರೆ ನೆಚ್ಚಬೇಕಾದದ್ದು ಚರ್ಮಕ್ಕೆ ಒತ್ತಿದ ಮುದ್ರೆಯನ್ನೇ? ಅದಕ್ಕೂ ಮಿತಿಯಿದೆ. ಕಾನ್ಪುರದ ಸರ್ಕಾರಿ ಚರ್ಮದ ಕಾರ್ಖಾನೆಯ ಮುದ್ರೆಯೂ ವರ್ಷವೂ ಓದಲು ಸಿಕ್ಕರೆ, ಪಟ್ಟಿ ಅದಕ್ಕಿಂತ ಹಿಂದಿನದಲ್ಲ ಎಂಬಷ್ಟು ಮಾತ್ರ ಖಚಿತ. ಉಗ್ರಾಣದಲ್ಲಿ ಎಷ್ಟು ವರ್ಷ ಕಾದಿತ್ತು, ಯಾರ ಕೈಗೆ ಹೋಯಿತು ಎಂಬುದನ್ನು ಮುದ್ರೆ ಹೇಳದು. 1903ರ ಮಾದರಿಯನ್ನು ಎರಡನೆಯ ಮಹಾಯುದ್ಧದಲ್ಲೂ ಹೊರತೆಗೆದು ಹಂಚಿದ್ದುಂಟು. ಕಿಸೆಯಲ್ಲಿ ಸಿಕ್ಕ ತೋಟಾದ ಸಾಕ್ಷ್ಯ ಇನ್ನೂ ದುರ್ಬಲ. ಮೊನಚು ಗುಂಡಿನ ಮಾರ್ಕ್ 7 ತೋಟಾ ಜಾರಿಗೆ ಬಂದದ್ದು 1910ರಲ್ಲಿ. ಆದರೆ ಹತ್ತು ವರ್ಷ ಹಳೆಯ ಪಟ್ಟಿಗೆ ಹೊಸ ತೋಟಾ ತುಂಬಲು ಯಾವ ಅಡ್ಡಿಯೂ ಇಲ್ಲ.

ನನ್ನ ವಾದದ ಮುಖ್ಯ ಅಂಶ ಬೇರೆಯಿದೆ. ಪ್ಯಾಲೆಸ್ಟೀನ್ ರಣರಂಗದಲ್ಲಿ ಸವಾರನ ಹೆಗಲಿನ ಪಟ್ಟಿಯಲ್ಲದೆ ಕುದುರೆಯ ಕೊರಳಿಗೂ ಇನ್ನೊಂದು ತೋಟಾಪಟ್ಟಿ ಹಾಕುವ ರೂಢಿಯಿತ್ತು. ಹಾಗಾಗಿ ಒಂಬತ್ತು ಕಿಸೆಯದು ಸಿಕ್ಕಿದೊಡನೆ ಅದನ್ನು ರಾವುತನ ಎದೆಯದೆಂದು ಹೆಸರಿಸಕೂಡದು. ಬೇರ್ಪಡಿಸುವ ಕುರುಹು, ನನಗೆ ತೋರುವಂತೆ, ಸವೆತದಲ್ಲಿ ಸಿಗಬೇಕು. ಮನುಷ್ಯನ ಪಟ್ಟಿಯ ಒಳಮೈಯಲ್ಲಿ ಹೆಗಲು ತಾಗುವ ಚಿಕ್ಕ ಜಾಗ ಬೆವರಿಗೆ ಕಪ್ಪಾಗಿ ಬಿರುಸಾಗುವುದು ಸಹಜ. ಬೆನ್ನಿನ ಕಿಸೆಗಳ ಮುಚ್ಚಳ ಒರಗುವಾಗಲೆಲ್ಲ ಉಜ್ಜಿಸಿಕೊಳ್ಳುತ್ತದೆ. ಕುದುರೆಯ ಕೊರಳಿನದರಲ್ಲಿ ಕಲೆ ಉದ್ದಕ್ಕೂ ಹರಡಿರುತ್ತದೆ, ಕೂದಲಿನ ಜಿಡ್ಡು ಹೊಲಿಗೆಯ ಸಂದಿಗೆ ಇಳಿದಿರುತ್ತದೆ. ಇದು ಅಚ್ಚುಕಟ್ಟಾದ ನಿಯಮವಲ್ಲ. ಒಂದೇ ಪಟ್ಟಿ ಎರಡೂ ಕಡೆ ಬಳಕೆಯಾಗಿರಬಹುದು. ದಶಕಗಟ್ಟಲೆ ಮೊಳೆಗೆ ನೇತಾಡಿದ ಚರ್ಮ ತನ್ನದೇ ಬಾಗು ಪಡೆಯುತ್ತದೆ. ಮಾರುವ ಮುನ್ನ ಎಣ್ಣೆ ಸವರಿದರೆ ಕುರುಹು ಅಳಿಸಿಹೋಗುತ್ತದೆ. ಆದ್ದರಿಂದ ಸವೆತವನ್ನು ಮುದ್ರೆಯ ಜೊತೆಗಿಟ್ಟು ಓದಬೇಕೇ ಹೊರತು ಅದರ ಬದಲಿಗಲ್ಲ. ಸಂಗ್ರಾಹಕರಲ್ಲಿ ನನ್ನ ಕೋರಿಕೆ, ತೊಳೆಯುವ ಮೊದಲು ಒಳಮೈಯ ಚಿತ್ರ ತೆಗೆದಿಡಿ.

ಈ ಕುರುಹನ್ನು ಯಾವ ದಳದ್ದೆಂದು ಖಚಿತವಾಗಿ ಗೊತ್ತಿರುವ ಪಟ್ಟಿಗಳ ಮೇಲೆ ಒರೆಗೆ ಹಚ್ಚಿ ನೋಡುವ ಕೆಲಸ ಬಾಕಿಯಿದೆ. ಮೈಸೂರು ಮತ್ತು ಹೈದರಾಬಾದ್ ದಳಗಳ ಪಟ್ಟಿಗಳನ್ನು ಬಿಡಿ ವಸ್ತುವಿನಿಂದಲೇ ಬೇರೆಬೇರೆಯಾಗಿ ಗುರುತಿಸಬಹುದೇ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ತೆರೆದೇ ಇಡಬೇಕು.